ಜೇಬು ಸೇರಿದ ಕಿವಿ

ದೊಡ್ಡಪ್ಪ ಕಿವಿಗೆ ಮೆಷೀನು ಹಾಕಿಕೊಳ್ಳುತ್ತಾರೆ. ಮದುವೆಮನೆಗೆ ಹೊರಡುವ ದಿನ ಅದಕ್ಕೆ ಹೊಸ ಬ್ಯಾಟರಿ ಬೀಳುತ್ತದೆ. ಎಷ್ಟೋ ವರ್ಷದಿಂದ ನೋಡದವರೆಲ್ಲ ಸಿಗುತ್ತಾರೆ, ಮಾತಾಡಬೇಕು ಅನ್ನುವ ಸಡಗರ. ಕೆಲವು ವರ್ಷದ ಹಿಂದೆ ನೆಂಟರೊಬ್ಬರ ಆರತಕ್ಷತೆಗೆ ಅವರ ಜೊತೆ ಹೋಗಿದ್ದೆ. ಹಿರಿಯರು ಅಂತ ಮುಂದಿನ ಸೋಫಾದಲ್ಲೇ ಕೂರಿಸಿದರು. ಪಕ್ಕದಲ್ಲಿ ಆಳೆತ್ತರದ ಸ್ಪೀಕರು. ಹಾಡು ಶುರುವಾಗಿ ಹತ್ತು ನಿಮಿಷಕ್ಕೆ ದೊಡ್ಡಪ್ಪ ಮೆಲ್ಲಗೆ ಮೆಷೀನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ಎರಡು ಗಂಟೆ ಬಂದವರಿಗೆಲ್ಲ ಸುಮ್ನೆ ನಗುತ್ತಾ, ತಲೆ ಆಡಿಸುತ್ತಾ ಕೂತಿದ್ದರು. ಯಾರು ಏನು ಕೇಳಿದರೂ ಅದೇ ನಗು. ಒಬ್ಬರು "ಆರೋಗ್ಯ ಹೇಗಿದೆ?" ಅಂದರು, ಇನ್ನೊಬ್ಬರು "ಅಣ್ಣ ಹೋಗಿಬಿಟ್ಟರಂತಲ್ಲ" ಅಂದರು. ಇಬ್ಬರಿಗೂ ದೊಡ್ಡಪ್ಪ ನಕ್ಕರು.

ಮುಂದೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಆರತಕ್ಷತೆಗೆ ಸಂಗೀತ ಏನು ಅಂತ ಮನೆಯಲ್ಲಿ ಮಾತು ಬಂದಾಗ ನಾನು ತಟ್ಟನೆ ಅಂದೆ: "ಡಿಜೆ ಬೇಡ. ಮನುಷ್ಯರು ನುಡಿಸೋ ಬ್ಯಾಂಡ್ ಇರಲಿ. ಗದ್ದಲ ಕಡಿಮೆ." ಬಾಯಿ ಬಿಟ್ಟವರ ತಲೆಗೇ ಕೆಲಸ ಕಟ್ಟುವುದು ಮನೆಮನೆಯ ಕಾನೂನು. ನನ್ನ ತಲೆಗೇ ಬಿತ್ತು.

ಗದ್ದಲ ಕಡಿಮೆ ಅನ್ನೋದು ಶುದ್ಧ ತಪ್ಪು ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ಡಿಜೆಯ ಸದ್ದು ಒಂದು ಗುಂಡಿಯಲ್ಲಿರುತ್ತದೆ. ತಿರುಗಿಸಿದರೆ ಇಳಿಯುತ್ತದೆ. ಡ್ರಮ್ಸ್‌ಗೆ ಗುಂಡಿ ಇಲ್ಲ.

ಮೊದಲು ಹುಡುಕಾಟ. ಇಪ್ಪತ್ತು ಬ್ಯಾಂಡುಗಳ ವಿಡಿಯೋ ನೋಡಿರಬೇಕು. ಎಲ್ಲವೂ ಒಂದೇ ಥರ. ಹೊಗೆ, ಬಣ್ಣದ ದೀಪ, ಗಾಳಿಯಲ್ಲಿ ತಿರುಗುವ ಡ್ರಮ್ ಕಡ್ಡಿ, ಕುಣಿಯುವ ಜನ, ಒಂದೂವರೆ ನಿಮಿಷಕ್ಕೆ ಮುಕ್ತಾಯ. ಕೇಳಿದರೆ ಕ್ಯಾಸೆಟ್ಟಿನಷ್ಟು ಶುದ್ಧ. ಸೌಂಡ್ ಕೆಲಸ ಮಾಡುವ ಗೆಳೆಯನೊಬ್ಬ ನಕ್ಕ. "ಎಷ್ಟೋ ಸಲ ಅದು ಸ್ಟುಡಿಯೋದಲ್ಲಿ ಹಾಡಿಸಿ ಚಿತ್ರಕ್ಕೆ ಅಂಟಿಸಿದ್ದು. ಯಾರಾದರೂ ಫೋನಲ್ಲಿ ತೆಗೆದ ವಿಡಿಯೋ ಕೇಳು. ಕತ್ತರಿ ಹಾಕಿರಬಾರದು. ಹಾಡು ನೋಡಬೇಡ, ಹಾಡು ಮುಗಿದ ಮೇಲಿನ ಹತ್ತು ಸೆಕೆಂಡು ನೋಡು" ಅಂದ.

ನನಗೆ ಸಿಕ್ಕ ಸಲಹೆಗಳಲ್ಲೆಲ್ಲ ಇದೇ ಬಂಗಾರ. ಒಂದು ಬ್ಯಾಂಡಿನವರು ಹಾಡು ಮುಗಿಸಿದ ತಕ್ಷಣ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದರು. ಗಿಟಾರಿನವನು ತಂತಿ ಬಿಗಿಮಾಡಲು ಶುರು ಮಾಡಿದ. "ನೆಕ್ಸ್ಟ್ ಯಾವ್ದು?" ಅಂತ ಯಾರೋ ಕೇಳಿದ್ದು ಮೈಕಿಗೇ ಬಂತು. ಕುಣಿಯುತ್ತಿದ್ದವರು ಒಬ್ಬೊಬ್ಬರೇ ಕುರ್ಚಿಗೆ ಹೋದರು. ಇನ್ನೊಂದು ಬ್ಯಾಂಡಿನ ವಿಡಿಯೋದಲ್ಲಿ ಹಾಡು ನಿಂತಿತು, ಆದರೆ ಕೀಬೋರ್ಡಿನ ಒಂದು ಸ್ವರ ಮೆಲ್ಲಗೆ ಉಳಿದುಕೊಂಡಿತ್ತು. ಗಾಯಕಿ ನೀರು ಕುಡಿದಳು. ಡ್ರಮ್ಸ್ ಹುಡುಗ ತನ್ನ ಕಡ್ಡಿ ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿದ್ದ. ಜನ ಇನ್ನೂ ನಿಂತೇ ಇದ್ದರು. ಆ ಹುಡುಗ ಕೀಬೋರ್ಡಿನವರಿಗೆ ಏನೋ ಸನ್ನೆ ಮಾಡಿದ, ಮುಂದಿನ ಹಾಡು ಎದ್ದಿತು. ಅವರನ್ನೇ ಹಿಡಿದೆವು.

ಹಿಡಿಯುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ವಿಡಿಯೋದಲ್ಲಿ ಇರುವವರೇ ಬರುತ್ತಾರಾ? ಬೇರೆ ಒಂದು ಕಡೆ ಇದನ್ನು ಕೇಳಿದಾಗ ಫೋನಿನ ಆ ತುದಿ ಸ್ವಲ್ಪ ಹೊತ್ತು ಸುಮ್ಮನಾಗಿತ್ತು. ಒಂದೇ ಹೆಸರಿನ ಬ್ಯಾಂಡು ಒಂದೇ ರಾತ್ರಿ ಎರಡು ಕಡೆ ಹೋಗುವುದುಂಟು. ಹೆಸರು ಒಂದು, ಕೈಗಳು ಬೇರೆ. ಪೂರ್ತಿ ಮೋಸ ಅಂತಲೂ ಹೇಳಲಾರೆ. ಇದು ದಿನಗೂಲಿಯಂಥ ಕಸುಬು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹೋಗಲೇಬೇಕು. ಆದರೆ ಯಾರು ಬರುತ್ತಾರೆ ಅಂತ ಕಾಗದದ ಮೇಲೆ ಇರಬೇಕು, ಅಷ್ಟೇ.

ಇಲ್ಲಿ ಡಿಜೆಗಳ ಪರವಾಗಿ ಒಂದು ಮಾತು. ನಾನು ಅವರನ್ನು ಬೈಯಲು ಕೂತಿಲ್ಲ. ಒಳ್ಳೆಯ ಡಿಜೆಗೂ ಜನರ ಕಾಲು ನೋಡಲು ಬರುತ್ತದೆ. ಈ ಜಗಳ ತೀರಾ ಹಳೆಯದು ಕೂಡ. 1927ರಲ್ಲಿ ಮಾತಿನ ಸಿನಿಮಾ ಬಂತು. ಮೂಕಿ ಚಿತ್ರಗಳಿಗೆ ಥಿಯೇಟರಿನಲ್ಲೇ ಕೂತು ನುಡಿಸುತ್ತಿದ್ದ ಸಾವಿರಾರು ವಾದಕರ ಕೆಲಸ ಅಮೆರಿಕದಲ್ಲಿ ಹೋಯಿತು. ಅವರ ಸಂಘ 1930ರಲ್ಲಿ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟು 'ಡಬ್ಬಿ ಸಂಗೀತ'ದ, ಅಂದರೆ ರೆಕಾರ್ಡ್ ಮಾಡಿದ ಸಂಗೀತದ ವಿರುದ್ಧ ಹೋರಾಡಿತು. ಆ ಜಾಹೀರಾತುಗಳಲ್ಲಿ ವಾದ್ಯದ ಮುಂದೆ ರೋಬೋಟನ್ನು ಕೂರಿಸಿದ್ದರು. ಅದೇ ಸಂಘ 1942ರ ಆಗಸ್ಟ್ 1ರಿಂದ ರೆಕಾರ್ಡಿಂಗಿಗೇ ಹೋಗುವುದಿಲ್ಲ ಅಂತ ಕೂತಿತು. ದೊಡ್ಡ ಕಂಪನಿಗಳು ಮಣಿಯಲು ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅವು ಮಣಿದರೂ ಕೊನೆಗೆ ಡಬ್ಬಿಯೇ ಗೆದ್ದಿತು ಅನ್ನಿ. ಆದರೂ ಡಬ್ಬಿಗೆ ಬಾರದ ಒಂದು ವಿದ್ಯೆ ಇದೆ. ಅದು ನನಗೆ ಮದುವೆಯ ದಿನ, ನಮ್ಮ ಸೋದರಮಾವನ ಕೃಪೆಯಿಂದ ತಿಳಿಯಿತು. ಅದಕ್ಕೆ ಬರುತ್ತೇನೆ.

ಬ್ಯಾಂಡಿನ ಯಜಮಾನರು ಕೀಬೋರ್ಡ್ ನುಡಿಸುವವರೇ. ಐವತ್ತು ದಾಟಿದವರು. ಹಗಲು ಮಕ್ಕಳಿಗೆ ಸಂಗೀತ ಪಾಠ ಮಾಡುತ್ತಾರಂತೆ. ಅದಕ್ಕೇ ತಂಡದವರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾನು ರಾತ್ರಿ ಎದ್ದು ಕೂತು ಬರೆದ 42 ಹಾಡುಗಳ ಪಟ್ಟಿ ಅವರ ಮುಂದಿಟ್ಟೆ. ಅವರು ಓದಲೇ ಇಲ್ಲ. ನಾಲ್ಕಾಗಿ ಮಡಚಿ ಡೈರಿಯೊಳಗೆ ಸೇರಿಸಿದರು.

"ಹಾಲು ಎಷ್ಟು ದೊಡ್ಡದು ಮೇಡಂ? ಸೀಲಿಂಗ್ ಎಷ್ಟೆತ್ತರ? ಊಟ ಅದೇ ಹಾಲಿನಲ್ಲಾ, ಬೇರೆ ಕಡೆಯಾ? ವಯಸ್ಸಾದವರು ಎಲ್ಲಿ ಕೂರ್ತಾರೆ? 'ಸಾಕು, ನಿಲ್ಸಿ' ಅಂತ ನಮಗೆ ಹೇಳೋರು ಯಾರು?"

ಕೊನೆಯ ಪ್ರಶ್ನೆಗೆ ನಾನು "ಯಾರಾದರೂ ಹೇಳಬಹುದು" ಅಂದೆ.

"ಬೇಡ. ಹತ್ತು ಜನ ಬಂದು ಹತ್ತು ಥರ ಹೇಳ್ತಾರೆ. ಒಬ್ಬರು ಸೌಂಡ್ ಜಾಸ್ತಿ ಮಾಡಿ ಅಂತಾರೆ, ಅವರ ಹಿಂದೆನೇ ಇನ್ನೊಬ್ಬರು ಬಂದು ಬೈತಾರೆ. ಒಬ್ಬರ ಹೆಸರು ಕೊಡಿ. ಮಿಕ್ಕವರಿಗೆ ನಾವು ಬರೀ ಹೂಂ ಅಂತೀವಿ."

ನನ್ನ ಹೆಸರೇ ಕೊಟ್ಟೆ. ಆಮೇಲೆ ಲೆಕ್ಕ ಹಾಕಿದರು. ಏಳರಿಂದ ಹತ್ತು, ಅಂದರೆ ಮೂರು ಗಂಟೆ. ಮುಕ್ಕಾಲು ಗಂಟೆಯ ಮೂರು ಸೆಟ್ಟು, ನಡುವೆ ಇಪ್ಪತ್ತು ನಿಮಿಷದ ಎರಡು ಬಿಡುವು. ನುಡಿಸುವ ಹೊತ್ತು 135 ನಿಮಿಷ. ಹಾಡಿಗೆ ನಾಲ್ಕೂವರೆ ನಿಮಿಷ ಅಂದರೂ 30 ದಾಟುವುದಿಲ್ಲ. ನನ್ನ 42 ಡೈರಿಯೊಳಗೇ ಮಲಗಿತು.

ಆಗ ನಾನು ದೊಡ್ಡಪ್ಪನ ಜೇಬಿನ ಕಥೆ ಹೇಳಿದೆ. ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಹಂಗಾದ್ರೆ ಒಂದು ಮಾಡೋಣ. ಮೊದಲನೇ ಗಂಟೆ ನಾವು ಏನು ನುಡಿಸಿದ್ವಿ ಅಂತ ಯಾರಿಗೂ ನೆನಪಿರಬಾರದು."

ದುಡ್ಡು ಕೊಟ್ಟು ಕರೆಸುವವರಿಗೆ ಇದೆಂಥ ಮಾತು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. 1776ರಲ್ಲಿ ಸಾಲ್ಜ್‌ಬರ್ಗಿನ ಹಾಫ್ನರ್ ಮನೆತನದವರು ಮನೆಮಗಳ ಮದುವೆಗೆ ಅಂತ ಸಂಗೀತ ಬರೆಸಿದರು. ಬರೆದವನು ಇಪ್ಪತ್ತು ವರ್ಷದ ಮೊಜಾರ್ಟ್. ಮದುವೆಯ ಹಿಂದಿನ ದಿನ, ಜುಲೈ 21ರಂದು ಅದನ್ನು ನುಡಿಸಿದರು. ಎಂಟು ಭಾಗದ ಸೆರೆನೇಡ್, ಹತ್ತಿರ ಹತ್ತಿರ ಒಂದು ಗಂಟೆ. ಸೆರೆನೇಡ್ ಅಂದರೆ ಕಣ್ಣು ಮುಚ್ಚಿ ಕೂತು ಕೇಳಲಿ ಅಂತ ಬರೆಯುತ್ತಿದ್ದದ್ದಲ್ಲ, ಸಮಾರಂಭಕ್ಕೆ ಜೊತೆಯಾಗಲಿ ಅಂತ. ಮೊಜಾರ್ಟನೇ ಜನರ ಮಾತಿನ ಹಿಂದೆ ನಿಂತ ಮೇಲೆ ನಮ್ಮ ಮೇಷ್ಟ್ರು ನಿಂತರೆ ಏನು ಕಮ್ಮಿಯಾಯಿತು?

ಅವತ್ತು ಅವರು ಹೇಳಿದ ಇನ್ನೊಂದು ವಿಷಯ ಮನೆಗೆ ಬಂದು ಓದಿ ನೋಡಿದೆ. "ನಾವು ಸೌಂಡ್ ಏರಿಸಿದ್ರೆ ಜನ ದನಿ ಏರಿಸ್ತಾರೆ. ಅವರ ಗಲಾಟೆ ನೋಡಿ ಗಾಯಕಿ ನನಗೆ ನಾನೇ ಕೇಳಿಸ್ತಿಲ್ಲ ಅಂತಾಳೆ, ಮತ್ತೆ ಏರಿಸ್ತೀವಿ. ಒಂಬತ್ತು ಗಂಟೆಗೆ ಎಲ್ಲರ ಗಂಟಲೂ ಕಟ್ಟಿರುತ್ತೆ." ಇದಕ್ಕೊಂದು ಹೆಸರೇ ಇದೆ, ಲೊಂಬಾರ್ಡ್ ಪರಿಣಾಮ. ಸುತ್ತ ಸದ್ದಿದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಅಂತ ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಬರೆದರು. ಮೇಷ್ಟ್ರಿಗೆ ಹೆಸರು ಗೊತ್ತಿಲ್ಲ, ಪರಿಣಾಮ ಚೆನ್ನಾಗಿ ಗೊತ್ತು.

ಸದ್ದನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. ಎದುರಾಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಇರಬಾರದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಬಂದರೆ ಉಳಿಯುವುದು ಹದಿನೈದೇ ನಿಮಿಷ. ಜೋರಾಗಿ ಬಾರಿಸುವ ಡ್ರಮ್ಸ್ ಪಕ್ಕದಲ್ಲಿ ಕೂತರೆ ಸ್ಪೀಕರೇ ಇಲ್ಲದೆ ಆ ಮಟ್ಟ ಮುಟ್ಟುತ್ತದೆ. ಸಂಗೀತ ನಡೆಯುವ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ದೊಡ್ಡಪ್ಪ ಕೂತಿದ್ದ ಆ ಸೋಫಾದಲ್ಲಿ ಯಾರೂ ಅಳತೆ ಮಾಡಿರಲಿಲ್ಲ. ನನ್ನ ಎದೆಗೂಡು ಮಾತ್ರ ಅದುರುತ್ತಿತ್ತು.

ವಯಸ್ಸಾದವರ ಕಿವಿಯ ಕಷ್ಟ ಬೇರೆಯೇ. ಸಾಮಾನ್ಯವಾಗಿ ಮೊದಲು ಹೋಗುವುದು ಕೀಚಲು ಸದ್ದುಗಳು. ಸ, ಶ, ತ, ಕ, ಇಂಥ ವ್ಯಂಜನಗಳ ಚೂಪು ಇರುವುದೇ ಅಲ್ಲಿ. ಸ್ವರಗಳು ಕೇಳಿಸುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಅದರ ಮೇಲೆ ಬ್ಯಾಂಡಿನ ಸದ್ದು ಬಿದ್ದರೆ ಉಳಿದದ್ದೂ ಮುಳುಗುತ್ತದೆ. ಮೆಷೀನು ಮಾತನ್ನೂ ದೊಡ್ಡದು ಮಾಡುತ್ತದೆ, ಬ್ಯಾಂಡನ್ನೂ ದೊಡ್ಡದು ಮಾಡುತ್ತದೆ. ಜೇಬಿಗೆ ಹಾಕದೆ ಇನ್ನೇನು ಮಾಡಬೇಕು ಹೇಳಿ?

ಮೇಷ್ಟ್ರ ಉಪಾಯ ಸರಳವಾಗಿತ್ತು. ಮೊದಲ ಸೆಟ್ಟಿಗೆ ಡ್ರಮ್ಸ್ ಹುಡುಗ ಕಡ್ಡಿ ಮುಟ್ಟಬಾರದು, ತೆಳು ತಂತಿಗಳ ಬ್ರಷ್ಷಿನಲ್ಲೇ ಮೆಲ್ಲಗೆ ನುಡಿಸಬೇಕು. ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟು ಹಿಂದಿನ ಗೋಡೆಯವರೆಗೆ ಕೇಳಿಸಲು ಹೊಡೆದಾಡುವ ಬದಲು, ಹಾಲಿನ ಉದ್ದಕ್ಕೂ ಆರು ಚಿಕ್ಕವು. ಬಯಲಿನಲ್ಲಾದರೆ ಸ್ಪೀಕರಿನಿಂದ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿರುವ ಹಾಲಿನಲ್ಲಿ ಅಷ್ಟು ಇಳಿಯುವುದಿಲ್ಲ, ಆದರೂ ಮುಂದಿನ ಸಾಲಿನವರು ಹಿಂದಿನವರ ಪಾಲನ್ನೂ ಸೇರಿಸಿ ತಿನ್ನುವುದಂತೂ ಹೌದು. ಮತ್ತೆ ಹಿರಿಯರ ಕುರ್ಚಿಗಳು ಮುಂದೆ ಬೇಡ, ಪಕ್ಕದ ಗೋಡೆಯ ಕಡೆ, ನಡುಮಧ್ಯಕ್ಕೆ. ಇದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಮುಂದಿನ ಸಾಲು ಅಂದರೆ ಗೌರವ, ಗೋಡೆಬದಿ ಅಂದರೆ ಮೂಲೆಗೆ ತಳ್ಳಿದ ಹಾಗೆ ಅಂತ ಅಮ್ಮನ ವಾದ. ಕೊನೆಗೆ ಸೋಫಾವನ್ನೇ ಗೋಡೆಬದಿಗೆ ಸಾಗಿಸಿ, ಗೌರವ ಉಳಿಸಿಕೊಂಡೆವು.

ಹಾಲು ನೋಡಲು ಮೇಷ್ಟ್ರು ಒಬ್ಬರೇ ಬಂದರು. ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರು. ಅದು ಸೀಲಿಂಗಿಗೆ ಹೋಗಿ, ಗೋಡೆಗೆ ಹೋಗಿ, ನಮ್ಮ ತಲೆ ಮೇಲೆ ಸುತ್ತಿ, ನಿಧಾನಕ್ಕೆ ಸತ್ತಿತು. "ಜಾಸ್ತಿ ಇದೆ. ಆದ್ರೆ ಜನ ಬಂದ್ರೆ ಸರಿ ಹೋಗುತ್ತೆ" ಅಂದರು.

ಜನ ಬಂದರೆ ಸದ್ದು ಹೇಗೆ ಸರಿ ಹೋಗುತ್ತದೆ? ಇದರ ಹಿಂದೆ ನನಗಿಷ್ಟವಾದ ಕಥೆಯೊಂದಿದೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸದ ಕೋಣೆಯಲ್ಲಿ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಅದನ್ನು ಸರಿಮಾಡುವ ಕೆಲಸ ವ್ಯಾಲೆಸ್ ಸೇಬಿನ್ ಅನ್ನುವ ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಬಂತು. ಅವರು ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ತಂದು ಕೋಣೆಯಲ್ಲಿ ಹರಡಿ, ಆರ್ಗನ್ನಿನ ಒಂದು ಕೊಳವೆ ಊದಿಸಿ, ಸದ್ದು ಸಾಯುವ ಹೊತ್ತನ್ನು ಅಳೆದರು. ಬೆಳಗಾಗುವುದರೊಳಗೆ ದಿಂಬುಗಳು ವಾಪಸ್ಸು. ಹೀಗೆ ಎಷ್ಟೋ ರಾತ್ರಿ. ಯಾವ ವಸ್ತು ಎಷ್ಟು ಸದ್ದು ಹೀರುತ್ತದೆ ಅನ್ನುವ ಲೆಕ್ಕ ಹುಟ್ಟಿದ್ದು ಹಾಗೆ. ಆ ಲೆಕ್ಕ ಹಿಡಿದು ಕಟ್ಟಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ಬಾಗಿಲು ತೆರೆಯಿತು. ದಿಂಬಿನ ಹಾಗೆ ಬಟ್ಟೆ ತೊಟ್ಟ ಮನುಷ್ಯರೂ ಸದ್ದು ಹೀರುತ್ತಾರೆ. ನಮ್ಮ ನೆಂಟರೂ ಒಂದು ಲೆಕ್ಕದಲ್ಲಿ ದಿಂಬುಗಳೇ. ಹಾಗಾಗಿ ಖಾಲಿ ಹಾಲಿನಲ್ಲಿ ಮಧ್ಯಾಹ್ನ ಮಾಡಿದ ಸೌಂಡ್ ಚೆಕ್ ರಾತ್ರಿಗೆ ಅರ್ಧ ಸುಳ್ಳಾಗಿರುತ್ತದೆ. ಜನ ತುಂಬಿದ ಮೇಲೆ ಮಿಕ್ಸರ್, ಅಂದರೆ ಎಲ್ಲಾ ವಾದ್ಯಗಳ ಸದ್ದು ಹೊಂದಿಸುವ ಯಂತ್ರದ ಹತ್ತಿರ ಕಿವಿ ಇರುವ ಒಬ್ಬರು ಕೂತೇ ಇರಬೇಕು.

ಕರೆಂಟಿನ ವಿಷಯಕ್ಕೆ ಹಾಲಿನ ಮ್ಯಾನೇಜರು "ಎಲ್ಲಾ ಇದೆ ಸಾರ್" ಅಂದರು. ಮೇಷ್ಟ್ರು ಆ ಮಾತು ನಂಬಲಿಲ್ಲ. ಪ್ಲಗ್ಗಿಂದ ಪ್ಲಗ್ಗಿಗೆ ನಡೆದು, ದೀಪದ ಲೈನು ಯಾವುದು, ಸೌಂಡಿನ ಲೈನು ಯಾವುದು ಅಂತ ಚೀಟಿ ಅಂಟಿಸಿದರು. ಎರಡೂ ಒಂದೇ ಆದರೆ ದೀಪ ಮಂಕು ಮಾಡಿದಾಗಲೆಲ್ಲ ಸ್ಪೀಕರಿನಲ್ಲಿ ದುಂಬಿ ಹಾಡುತ್ತದಂತೆ. ಜನರೇಟರಿಗೆ ಬದಲಾಗುವ ಒಂದು ಸೆಕೆಂಡು ಸಾಕು, ಡಿಜಿಟಲ್ ಮಿಕ್ಸರ್ ಕಂಪ್ಯೂಟರಿನ ಹಾಗೆ ಮೊದಲಿಂದ ಶುರುವಾಗುತ್ತದೆ. ಅದಕ್ಕೆ ಚಿಕ್ಕ ಯುಪಿಎಸ್ ಅವರೇ ತರುತ್ತೇವೆ ಅಂದರು. ನಿಜವಾದ ಜಗಳ ಆದದ್ದು ಅಲಂಕಾರದವರ ಜೊತೆ. ನಕ್ಷೆಯಲ್ಲಿ ವೇದಿಕೆ ಪೂರ್ತಿ ಹೂವಿನ ಗೋಡೆ ಬರೆದಿದ್ದರು, ಬ್ಯಾಂಡಿಗೆ ಉಳಿದದ್ದು ಒಂದು ಮೀಟರ್ ಪಟ್ಟಿ. ಡ್ರಮ್ಸ್ ಒಂದಕ್ಕೇ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಬೇಕು. ಮೇಷ್ಟ್ರು ವಾದ ಮಾಡಲಿಲ್ಲ. ಜೇಬಿಂದ ಟೇಪು ತೆಗೆದು ನೆಲದ ಮೇಲೆ ಚೌಕ ಅಂಟಿಸಿ, "ಇದರೊಳಗೆ ಒಬ್ಬ ಹುಡುಗ ಕೂರ್ತಾನೆ, ಅವನ ಮೇಲೆ ಬೇಕಾದ್ರೆ ಹೂವು ಹಾಕಿ" ಅಂದರು.

ಒಪ್ಪಂದ ಒಂದೇ ಪುಟ. ಯಾರು ಬರುತ್ತಾರೆ, ಎಷ್ಟು ಹೊತ್ತು, ಸೌಂಡ್ ಯಾರದು, ಮುಂಗಡ ಎಷ್ಟು, ದಿನ ಬದಲಾದರೆ ಏನು, ಹೊತ್ತು ಮೀರಿದರೆ ಅರ್ಧ ಗಂಟೆಗೆ ಎಷ್ಟು. ಕೊನೆಗೊಂದು ಸಾಲು, ಒಂಬತ್ತು ಜನಕ್ಕೆ ಊಟ, ಎರಡನೇ ಬಿಡುವಿನೊಳಗೆ. ನಾನು ಎಲ್ಲವನ್ನೂ ಓದಿದೆ. ಕೊನೆಯ ಸಾಲಿನ ಮೇಲೆ ಕಣ್ಣು ಜಾರಿಸಿ ಸಹಿ ಹಾಕಿದೆ.

ಹಾಡುಗಳಲ್ಲಿ ನಮಗೆ ಸಿಕ್ಕಿದ್ದು ಮೂರು. ಒಂದು ತಂಗಿಯದು, ಒಂದು ಹುಡುಗನದು, ಒಂದು ಅಪ್ಪನದು. ಮಿಕ್ಕದ್ದು ಜನರನ್ನು ನೋಡಿಕೊಂಡು ಅವರೇ ಆರಿಸುವುದು. ಹುಡುಗನ ಹಾಡು ಅವರಿಗೆ ಗೊತ್ತಿರಲಿಲ್ಲ. ಕಲಿಯಲು ಎರಡು ಸಲ ಎಲ್ಲರೂ ಸೇರಬೇಕು, ಆರು ಜನರ ಎರಡು ಸಂಜೆ ಅಂದರೆ ಸುಮ್ನೆ ಅಲ್ಲ. ಮೂಲದಲ್ಲಿ ಗಂಡು ದನಿ, ಇಲ್ಲಿ ಹಾಡುವವಳು ಹೆಣ್ಣುಮಗಳು. ಶ್ರುತಿ ಬದಲಿಸಬೇಕು, ಬದಲಿಸಿದರೆ ಗಿಟಾರಿನ ಬೆರಳು ಪೂರ್ತಿ ಬೇರೆ ಮನೆಗೆ ಹೋಗುತ್ತದೆ. "ರೆಕಾರ್ಡಿನ ಥರ ಬರಲ್ಲ. ನಮ್ಮ ಥರ ಬರುತ್ತೆ" ಅಂತ ಮೊದಲೇ ಹೇಳಿಬಿಟ್ಟರು.

ಮದುವೆಯ ದಿನ ಮಧ್ಯಾಹ್ನ ಮೂರಕ್ಕೆ ಬಂದಿಳಿದರು. ಹುಡುಗನೊಬ್ಬ ಮಂಡಿಯೂರಿ ನೆಲದ ಮೇಲಿನ ವೈರಿಗೆಲ್ಲ ಟೇಪು ಹಾಕುತ್ತಾ, ಪ್ರತಿ ಮೊಳಕ್ಕೂ ಅಂಗೈಯಲ್ಲಿ ಒತ್ತುತ್ತಾ ಹೋದ. ಬಾಗಿಲ ಹತ್ತಿರ ಮಾತ್ರ ಎರಡು ಪದರ. ಅಲ್ಲಿ ಸೀರೆ ನೆರಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರೋ!

ಏಳು ಗಂಟೆಗೆ ಸರಿಯಾಗಿ ಶುರು ಮಾಡಿದರು. ಹಾಲಿನಲ್ಲಿ ಮೂವತ್ತು ಜನ. ಮದುಮಕ್ಕಳು ಇನ್ನೂ ಅಲಂಕಾರದ ಕೋಣೆಯಲ್ಲೇ. ನಾನು ಓಡಿಹೋಗಿ, "ಸ್ವಲ್ಪ ತಡೀರಿ ಮೇಷ್ಟ್ರೇ, ಖಾಲಿ ಕುರ್ಚಿಗೆ ಯಾಕೆ ನುಡಿಸ್ತೀರಿ?" ಅಂದೆ. ಅವರು ಕೈ ನಿಲ್ಲಿಸದೆ, "ಬೇಗ ಬಂದವರಿಗೇ ಹಾಡು ಬೇಕಾಗಿರೋದು" ಅಂದರು. ತಿರುಗಿ ನೋಡಿದೆ. ಹೌದು. ಯಾರ ಪರಿಚಯವೂ ಇಲ್ಲದ ಒಬ್ಬರು ಗೋಡೆ ಹತ್ತಿರ ಕೂತು ತೊಡೆ ಮೇಲೆ ತಾಳ ಹಾಕುತ್ತಿದ್ದರು. ಸಂಗೀತ ಇಲ್ಲದಿದ್ದರೆ ಫೋನು ನೋಡುತ್ತಾ ಕೂರಬೇಕಿತ್ತು.

ಮದುಮಕ್ಕಳು ಬಂದದ್ದು ಎಂಟು ಗಂಟೆ ಐದು ನಿಮಿಷಕ್ಕೆ. ಎರಡನೇ ಸೆಟ್ಟಿನ ನಡುವೆ ನಮ್ಮ ಸೋದರಮಾವ ವೇದಿಕೆ ಹತ್ತಿದರು.

ಮಾವ ಹಾಡುತ್ತಾರೆ ಅಂತ ಅವರೊಬ್ಬರಿಗೇ ಗೊತ್ತು. ಮೈಕು ಹಿಡಿದು, ಹಾಡಿನ ಹೆಸರೂ ಹೇಳದೆ, ಯಾವ ಶ್ರುತಿ ಅಂತಲೂ ಇಲ್ಲದೆ ಶುರು ಹಚ್ಚಿದರು. ಮೇಷ್ಟ್ರು ಕೀಬೋರ್ಡಿನ ಮೇಲೆ ಒಂದು ಬೆರಳಿಟ್ಟು ಹುಡುಕಿದರು. ತಪ್ಪು. ಪಕ್ಕದ್ದು. ಸಿಕ್ಕಿತು. ಎರಡನೇ ಸಾಲಿಗೆ ಗಿಟಾರು ಸೇರಿತು, ಮೂರಕ್ಕೆ ಡ್ರಮ್ಸ್. ಮಾವ ಖುಷಿಗೆ ಒಂದು ಹೆಜ್ಜೆ ಮೇಲೇರಿದರು, ಅಂದರೆ ಶ್ರುತಿಯೇ ಬದಲಾಯಿತು. ಮೇಷ್ಟ್ರೂ ಏರಿದರು. ಗಿಟಾರಿನವನು ಅವರ ಬೆರಳು ನೋಡಿ ತಾನೂ ಸರಿದ. ಮಾವ ಒಂದು ಚರಣ ನುಂಗಿ ನೇರ ಪಲ್ಲವಿಗೆ ಹಾರಿದರು. ಡ್ರಮ್ಸ್ ಹುಡುಗ ಅರ್ಧ ಪೆಟ್ಟು ಕೈ ಎತ್ತಿ ಹಿಡಿದ, ಮಾವ ಎಲ್ಲಿ ಕಾಲಿಡುತ್ತಾರೆ ನೋಡಿದ, ಅಲ್ಲೇ ಸರಿಯಾಗಿ ಬಡಿದ. ಕೆಳಗೆ ಕೂತವರಿಗೆ ಮಾವ ಬೇಕಂತಲೇ ಹಾಗೆ ಹಾಡಿದ ಹಾಗಿತ್ತು. ಚಪ್ಪಾಳೆಯೋ ಚಪ್ಪಾಳೆ. ಡಬ್ಬಿಯ ಟ್ರ್ಯಾಕಾಗಿದ್ದರೆ ಎರಡನೇ ಸಾಲಿನಲ್ಲೇ ಮಾವನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಆರು ಜನ ಸೇರಿ ಒಬ್ಬರ ತಪ್ಪನ್ನು ಹಿಂಬಾಲಿಸಿ ಅದನ್ನು ಹಾಡು ಮಾಡಿದ್ದು ನಾನು ಕಣ್ಣಾರೆ ಕಂಡೆ. ಮಾವ ಇವತ್ತಿಗೂ "ಬ್ಯಾಂಡು ಪರವಾಗಿರಲಿಲ್ಲ, ಸ್ವಲ್ಪ ನಾನೇ ಎಳ್ಕೊಂಡು ಹೋಗಬೇಕಾಯ್ತು" ಅನ್ನುತ್ತಾರೆ.

ಮೂರನೇ ಸೆಟ್ಟು ಕುಣಿತದ್ದು. ಡ್ರಮ್ಸ್ ಹುಡುಗ ಬ್ರಷ್ಷು ಇಟ್ಟು ಕಡ್ಡಿ ತೆಗೆದ. ಶುರು ಮಾಡುವ ಮುಂಚೆ ಗಾಯಕಿ, "ಇನ್ನು ಸ್ವಲ್ಪ ಜೋರಾಗುತ್ತೆ, ಹಿರಿಯರಿಗೆ ಹೊರಗೆ ವರಾಂಡದಲ್ಲಿ ಕುರ್ಚಿ ಹಾಕಿದೀವಿ" ಅಂದಳು. ಕುರ್ಚಿ ಹಾಕಿಸಿದ್ದು ನಾನಲ್ಲ. ಟೇಪು ಅಂಟಿಸುತ್ತಿದ್ದ ಆ ಹುಡುಗ.

ಹತ್ತು ಗಂಟೆಗೆ ಕುಣಿತ ಆಗಷ್ಟೇ ಕಾವೇರಿತ್ತು. ಇನ್ನರ್ಧ ಗಂಟೆ ಆಗುತ್ತಾ ಅಂತ ಕೇಳಿದೆ. ರೇಟು ಬರೆದೇ ಇತ್ತಲ್ಲ. ಮೇಷ್ಟ್ರು ತಾವೇ ಹೂಂ ಅನ್ನಲಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿದರು. ಬೇಸ್ ಗಿಟಾರಿನವನಿಗೆ ಬೆಳಗಿನ ಪಾಳಿ ಇತ್ತು. ಅವನು ವಾದ್ಯ ಚೀಲಕ್ಕೆ ಹಾಕಿ ಹೊರಟ. ಉಳಿದ ಐವರು ಮುಂದುವರಿಸಿದರು, ಹಾಡು ಕಾಲಿಲ್ಲದ ಹಾಗೆ ಹಗುರವಾಯಿತು. 1772ರಲ್ಲಿ ಸಂಗೀತ ರಚನೆಕಾರ ಹೈಡನ್ ತನ್ನ ಒಡೆಯ ಎಸ್ಟರ್ಹಾಜಿ ರಾಜಕುಮಾರನಿಗೆ ಒಂದು ಸಿಂಫನಿ ಕೇಳಿಸಿದ. ರಾಜಕುಮಾರ ಬೇಸಿಗೆಯ ಅರಮನೆ ಬಿಟ್ಟು ಕದಲುತ್ತಿರಲಿಲ್ಲ, ವಾದಕರಿಗೆ ಹೆಂಡತಿ ಮಕ್ಕಳನ್ನು ನೋಡುವ ಆಸೆ. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ಮೇಣದ ಬತ್ತಿ ಆರಿಸಿ ಎದ್ದು ಹೋಗುತ್ತಾರೆ, ಉಳಿಯುವುದು ಎರಡೇ ಪಿಟೀಲು. ಒಡೆಯನಿಗೆ ಅರ್ಥವಾಯಿತಂತೆ. ನನಗೆ ಅರ್ಥವಾಗಲು ಇನ್ನೂ ಅರ್ಧ ಗಂಟೆ ಹಿಡಿಯಿತು.

ಹತ್ತೂ ಮುಕ್ಕಾಲಿಗೆ ಹಾಲಿನ ದೀಪ ಅರ್ಧ ಆರಿತ್ತು. ಮೇಷ್ಟ್ರು ಸ್ಪೀಕರಿನ ಪೆಟ್ಟಿಗೆ ಮೇಲೆ ಕೂತು ನೀರು ಕುಡಿಯುತ್ತಿದ್ದರು. "ಊಟ ಆಯ್ತಾ?" ಅಂತ ಸುಮ್ನೆ ವಾಡಿಕೆಗೆ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಆಗ ಆ ಸಾಲು ನೆನಪಾಯಿತು. ಅಡುಗೆಯವರಿಗೆ ಕೊಟ್ಟ ಲೆಕ್ಕದಲ್ಲಿ ಆ ಒಂಬತ್ತು ಜನ ಇರಲೇ ಇಲ್ಲ. ಬಿಡುವಿನಲ್ಲಿ ಹೋಗಿ ಸಾಲಿನ ತುದಿಯಲ್ಲಿ ನಿಂತಿದ್ದರಂತೆ. ಇಪ್ಪತ್ತು ನಿಮಿಷ ಮುಗಿದಾಗ ಇನ್ನೂ ತಟ್ಟೆ ಸಿಕ್ಕಿರಲಿಲ್ಲ, ವಾಪಸ್ಸು ಬಂದು ನುಡಿಸಿದರು. ಅಡುಗೆಮನೆಗೆ ಓಡಿದೆ. ಪಾತ್ರೆ ತೊಳೆಯುತ್ತಿದ್ದರು. ತಳದಲ್ಲಿ ಉಳಿದದ್ದನ್ನು ಬಳಿದು ಹೊಂದಿಸಿದ್ದು ಎಂಟು ಜನಕ್ಕೆ ಅರ್ಧ ಹೊಟ್ಟೆ. ಬೆಳಗಿನ ಪಾಳಿಯ ಹುಡುಗ ಅದೂ ಇಲ್ಲದೆ ಹೋಗಿದ್ದ. ಡೆಸಿಬೆಲ್, ದಿಂಬು, ಜನರೇಟರು ಎಲ್ಲಾ ಓದಿ ತಿಳಿದುಕೊಂಡಿದ್ದೆ. ಬಾಕಿ ದುಡ್ಡಿನ ಜೊತೆ ಅವನದೊಂದು ಬೇರೆ ಲಕೋಟೆ ಮರುದಿನ ಕಳಿಸಿದೆ. ಕಳಿಸಿದರೆ ಆ ರಾತ್ರಿಯ ಹಸಿವು ಹೋಗುತ್ತದಾ?

ಫೋಟೋದವರು ಕೊಟ್ಟ ವಿಡಿಯೋದಲ್ಲಿ ಬ್ಯಾಂಡೇ ಇಲ್ಲ. ಎಲ್ಲದರ ಮೇಲೂ ಬೇರೆ ಯಾವುದೋ ಹಾಡು ಅಂಟಿಸಿದ್ದಾರೆ. ಡಬ್ಬಿಯದು! ನಮ್ಮ ಹತ್ತಿರ ಉಳಿದಿರುವುದು ಚಿಕ್ಕಮ್ಮನ ಮಗ ಫೋನಿನಲ್ಲಿ ತೆಗೆದ ಒಂದು ತುಣುಕು, ಎರಡು ನಿಮಿಷಕ್ಕಿಂತ ಕಡಿಮೆ. ಮೊದಲ ಸೆಟ್ಟಿನ ಹೊತ್ತು. ಕೈ ಅಲ್ಲಾಡಿ ದೀಪ, ಯಾರದೋ ಭುಜ, ಸೋಫಾದ ಕೈ ಅಷ್ಟೇ ಕಾಣುತ್ತದೆ. ಹಿಂದೆ ಎಲ್ಲೋ ಬ್ರಷ್ಷು ಸರಸರ ಅನ್ನುತ್ತಿದೆ, ಕೀಬೋರ್ಡು ಮೆಲ್ಲಗಿದೆ. ಯಾವ ಹಾಡು ಅಂತ ನನಗೆ ಇವತ್ತಿಗೂ ನೆನಪಿಲ್ಲ. ಅದರ ಮೇಲೆ ದೊಡ್ಡಪ್ಪನ ದನಿ.

"ನೀನು ಯಾರ ಮಗಳಮ್ಮಾ?"

ಚಿಕ್ಕ ಹುಡುಗಿಯೊಂದು ಏನೋ ಹೇಳುತ್ತದೆ.

"ಹೌದಾ! ನಿಮ್ಮಜ್ಜನೂ ನಾನೂ ಒಂದೇ ಬೆಂಚು. ಈಗ ಹೆಂಗಿದಾನೆ ಅವನು?"

ಹುಡುಗಿ ಮತ್ತೆ ಏನೋ ಹೇಳುತ್ತದೆ, ಇನ್ನೂ ಮೆಲ್ಲಗೆ. ದೊಡ್ಡಪ್ಪ "ಆಂ?" ಅನ್ನುವುದಿಲ್ಲ.